‘ಡ್ರೈ’ ವೈನ್ ಅಂದರೆ ಒಣ ವೈನಾ? ‘ಪೇರಿಂಗ್’ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ.

ಗೊತ್ತಿರುವವರೊಬ್ಬರು ಚಿಕ್ಕದೊಂದು ವೈನರಿ ನಡೆಸುತ್ತಾರೆ. ಎರಡು ರೆಡ್, ಎರಡು ವೈಟ್, ಅಷ್ಟೇ ಅವರು ಮಾಡುವುದು. ಪ್ರತಿ ಬಾಟಲಿಯ ಜೊತೆ ಅಂಗೈಯಗಲದ ಒಂದು ಚೀಟಿ ಇಡುತ್ತಾರೆ. ರುಚಿ ಹೇಗಿದೆ, ಯಾವ ತಿನಿಸಿಗೆ ಹೊಂದುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಅದನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿದೆ. ನಾಲ್ಕು ಚೀಟಿ, ಒಂದೊಂದರಲ್ಲಿ ಐದಾರು ಸಾಲು. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ, ಮೂರು ವಾರ ಆಯಿತು. ಸಿಕ್ಕಿಕೊಂಡಿರುವುದು ಮುಖ್ಯವಾಗಿ ಒಂದೇ ಪದದಲ್ಲಿ, ‘ಪೇರಿಂಗ್’, ಅಂದರೆ ಯಾವ ವೈನಿಗೆ ಯಾವ ತಿನಿಸು ಅನ್ನುವುದು. ಅದನ್ನು ಕೇಳುವ ಮೊದಲು ಉಳಿದ ಪದಗಳನ್ನು ಹೇಗೆ ಇಟ್ಟಿದ್ದೇನೆ ಅಂತ ಹೇಳುತ್ತೇನೆ. ಸರಿ ಕಾಣದಿದ್ದರೆ ತಿದ್ದಿ.

ಮೊದಲು ವೈನ್ ಅನ್ನುವ ಪದ. ಕನ್ನಡ ಬೈಬಲ್ಲಿನಲ್ಲಿ ‘ದ್ರಾಕ್ಷಾರಸ’ ಅಂತಿದೆ. ಕೇಳಲು ಚೆಂದ. ಆದರೆ ಇವತ್ತು ಬಾಟಲಿಯ ಮೇಲೆ ದ್ರಾಕ್ಷಾರಸ ಅಂತ ಓದಿದವರು ಜ್ಯೂಸ್ ಅಂದುಕೊಂಡು ಮಕ್ಕಳ ಕೈಗೂ ಕೊಟ್ಟಾರು. ಹಾಗಾಗಿ ವೈನ್ ಅಂತಲೇ ಉಳಿಸಿದ್ದೇನೆ.

ಕೆಂಪು ವೈನ್, ಬಿಳಿ ವೈನ್ ಅನ್ನಲು ಸ್ವಲ್ಪ ಹಿಂಜರಿಕೆ ಇತ್ತು. ಬಿಳಿ ಅನ್ನುವುದು ನಿಜಕ್ಕೂ ಬಿಳಿಯಲ್ಲ, ಒಣಹುಲ್ಲಿನ ಬಣ್ಣ. ಆದರೆ ಈ ಬಣ್ಣದ ಹೆಸರುಗಳು ಎಲ್ಲ ಕಡೆಯೂ ಸಡಿಲವೇ. ಕ್ರೊಯೇಷಿಯನ್, ಜಾರ್ಜಿಯನ್, ಕೆಟಲಾನ್ ಭಾಷೆಗಳಲ್ಲಿ ರೆಡ್ ವೈನನ್ನು ‘ಕಪ್ಪು ವೈನ್’ ಅನ್ನುತ್ತಾರೆ. ಪೋರ್ಚುಗಲ್ಲಿನ ‘ವಿನ್ಯು ವೆರ್ಡೆ’ಗೆ ಪದಶಃ ‘ಹಸಿರು ವೈನ್’ ಅಂತ ಅರ್ಥ. ಅಲ್ಲಿ ಹಸಿರು ಅಂದರೆ ಎಳೆಯದು, ನಮ್ಮ ‘ಹಸಿ’ಯ ಹಾಗೆ. ಅದರಲ್ಲಿ ಕೆಂಪೂ ಇದೆ, ಬಿಳಿಯೂ ಇದೆ. ಹಾಗಾಗಿ ನಾವು ಬಿಳಿ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಬಿಳಿ ವೈನನ್ನು ‘ಬಿಳಿ ದ್ರಾಕ್ಷಿಯ ವೈನ್’ ಅನ್ನಬಾರದು. ಕಪ್ಪು ದ್ರಾಕ್ಷಿಯಲ್ಲೂ ಬಣ್ಣ ಇರುವುದು ಹೆಚ್ಚಾಗಿ ಸಿಪ್ಪೆಯಲ್ಲಿ, ಒಳಗಿನ ರಸಕ್ಕೆ ಬಣ್ಣ ಇಲ್ಲ. ಹಿಂಡಿ ಸಿಪ್ಪೆ ತೆಗೆದುಬಿಟ್ಟರೆ ಅದರಿಂದಲೂ ಬಿಳಿ ವೈನ್ ಆಗುತ್ತದೆ. ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ ಪಿನೋ ನ್ವಾರ್ ಅನ್ನುವ ಕಪ್ಪು ದ್ರಾಕ್ಷಿಯಿಂದ ಹಾಗೆ ಮಾಡುತ್ತಾರೆ. ಕೆಂಪು ವೈನನ್ನು ಸಿಪ್ಪೆಯ ಜೊತೆಯಲ್ಲೇ ಹುಳಿಸುತ್ತಾರೆ. ಬಣ್ಣ ಬರುವುದು ಅದರಿಂದ, ಒಗರು ಬರುವುದೂ ಅದರಿಂದ.

ಈ ‘ಒಗರು’ ನನಗೆ ತುಂಬ ಖುಷಿ ಕೊಟ್ಟ ಪದ. ಇಂಗ್ಲಿಷಿನಲ್ಲಿ ವೈನಿನ ಬಗ್ಗೆ ಬರೆಯುವವರು ಒಗರು ಕೊಡುವ ಟ್ಯಾನಿನ್ ಅನ್ನುವ ಅಂಶವನ್ನು ವಿವರಿಸಲು ಒದ್ದಾಡುತ್ತಾರೆ. ‘ಬಾಯಿ ಒಣಗಿದ ಹಾಗೆ’, ‘ಹಲ್ಲಿಗೆ ಏನೋ ಮೆತ್ತಿದ ಹಾಗೆ’ ಅಂತೆಲ್ಲ ಸುತ್ತಿ ಬಳಸಿ ಹೇಳುತ್ತಾರೆ. ದಿನಬಳಕೆಯ ಒಂದು ಪದ ಅವರ ಕೈಗೆ ಸಿಗುವುದಿಲ್ಲ. ನಮಗೆ ಚಿಕ್ಕ ಮಗುವಿಗೂ ಗೊತ್ತು ಒಗರು ಅಂದರೆ ಏನು ಅಂತ. ಬಲಿಯದ ಕಾಯಿ ಕಚ್ಚಿದರೆ ಒಗರು, ದಾಳಿಂಬೆಯ ಸಿಪ್ಪೆ ಬಾಯಿಗೆ ಬಂದರೆ ಒಗರು, ಹಾಲಿಲ್ಲದ ಟೀ ಜಾಸ್ತಿ ಕುದ್ದರೆ ಒಗರು. ಆರು ರುಚಿ ಎಣಿಸುವಾಗ ಅದು ಕಹಿಯ ಪಕ್ಕದಲ್ಲಿ ಬೇರೆಯಾಗಿಯೇ ನಿಂತಿದೆ. ಸಂಸ್ಕೃತದಲ್ಲಿ ಅದೇ ‘ಕಷಾಯ’. ಆ ಪದಕ್ಕೆ ಒಗರು ರುಚಿ ಅನ್ನುವ ಅರ್ಥ ಇದೆ, ಕುದಿಸಿ ಇಳಿಸಿದ ರಸ ಅನ್ನುವ ಅರ್ಥ ಇದೆ, ಕೆಂಪು ಛಾಯೆಯ ಕಾವಿ ಬಣ್ಣ ಅನ್ನುವ ಅರ್ಥವೂ ಇದೆ. ‘ಕಾಷಾಯ ವಸ್ತ್ರ’ ಬಂದದ್ದು ಅಲ್ಲಿಂದಲೇ. ಒಗರು, ರಸ, ಕೆಂಪು, ಮೂರೂ ಒಂದೇ ಪದದಲ್ಲಿ ಕೂತಿವೆ ನೋಡಿ!

ಟ್ಯಾನಿನ್ ಅನ್ನುವ ಹೆಸರು ಚರ್ಮ ಹದ ಮಾಡುವ ಕೆಲಸದಿಂದ ಬಂದದ್ದು. ಮರದ ತೊಗಟೆಯ ಒಗರು ಚರ್ಮದ ಪ್ರೋಟೀನನ್ನು ಹಿಡಿದು ಬಿಗಿ ಮಾಡುತ್ತದೆ. ಬಾಯಲ್ಲೂ ಆಗುವುದು ಅದೇ. ಜೊಲ್ಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಹಿಡಿದುಕೊಳ್ಳುತ್ತದೆ, ಜಾರು ಹೋಗುತ್ತದೆ, ನಾಲಿಗೆ ತರಿತರಿ ಆಗುತ್ತದೆ. ಚೀಟಿಯಲ್ಲಿ ‘ಹೈ ಟ್ಯಾನಿನ್’ ಇದ್ದ ಕಡೆ ‘ಒಗರು ಜೋರು’ ಅಂತ ಹಾಕಿದ್ದೇನೆ. ‘ಕಹಿ’ ಅಂತ ಮಾತ್ರ ಹಾಕಲೇಬಾರದು, ಅದು ಬೇರೆ ರುಚಿ.

ಇನ್ನು ‘ಡ್ರೈ’. ಇದರಲ್ಲಿ ಮೊದಲು ತಪ್ಪಿದೆ. ‘ಒಣ ಬಿಳಿ ವೈನ್’ ಅಂತ ಬರೆದು ಮನೆಯಲ್ಲಿ ತೋರಿಸಿದೆ. “ಒಣದ್ರಾಕ್ಷಿಯಿಂದ ಮಾಡಿದ್ದಾ?” ಅಂತ ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ದ್ರಾಕ್ಷಿಯನ್ನು ಬಾಡಿಸಿ ಮಾಡುವ ವೈನ್ ನಿಜವಾಗಿಯೂ ಇದೆ, ಇಟಲಿಯ ಅಮರೋನೆ ಅಂಥದ್ದು. ಫ್ರೆಂಚಿನ ‘ಸೆಕ್’, ಇಟಾಲಿಯನ್ನಿನ ‘ಸೆಕ್ಕೊ’, ಜರ್ಮನ್ನಿನ ‘ಟ್ರೋಕನ್’ ಎಲ್ಲದಕ್ಕೂ ಒಣ ಅಂತಲೇ ಅರ್ಥ. ಆದರೆ ಕನ್ನಡದಲ್ಲಿ ಒಣ ಅಂದರೆ ಬರಿದು ಅನ್ನುವ ಧ್ವನಿ ಬಂದುಬಿಡುತ್ತದೆ. ಒಣ ಜಂಬ, ಒಣ ವೇದಾಂತ ಅನ್ನುತ್ತೇವೆ ಅಲ್ವಾ? ಡ್ರೈ ಅಂದರೆ ಇಲ್ಲಿ ಸಿಹಿ ಉಳಿದಿಲ್ಲ ಅಂತ ಅಷ್ಟೇ. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸಿದೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂ ಸಕ್ಕರೆಯವರೆಗೆ ಡ್ರೈ ಅನ್ನಬಹುದು, ಹುಳಿ ಸಾಕಷ್ಟು ಇದ್ದರೆ 9 ಗ್ರಾಂವರೆಗೂ. ‘ಸಪ್ಪೆ’ ಅನ್ನಲು ಆಗುವುದಿಲ್ಲ, ಅದು ಬೈಗುಳ. ನನಗೆ ಹೊಳೆದದ್ದು ‘ಸಿಹಿ ಇಂಗಿದ’ ಅಂತ. ನೀರು ಇಂಗಿದ ಹಾಗೆ ಸಿಹಿ ಇಂಗಿದೆ. ಒಣಗುವ ಚಿತ್ರವೂ ಉಳಿಯುತ್ತದೆ, ಅರ್ಥವೂ ನೇರವಾಗಿದೆ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಬಿಳಿ ವೈನಿಗೆ ಬೆನ್ನೆಲುಬು ಹುಳಿ. ಆದರೆ ಕನ್ನಡದಲ್ಲಿ ‘ಹುಳಿ ಬಂದಿದೆ’ ಅಂದರೆ ಕೆಟ್ಟಿದೆ ಅಂತಲೇ. ವೈನಿನ ಮಟ್ಟಿಗೆ ಅದು ಇನ್ನೂ ಅಪಾಯ, ಏಕೆಂದರೆ ವೈನ್ ಕೆಟ್ಟರೆ ವಿನೆಗರ್ ಆಗುತ್ತದೆ. ಆ ಹೆಸರಿಗೇ ಫ್ರೆಂಚಿನಲ್ಲಿ ‘ಹುಳಿ ವೈನ್’ ಅಂತ ಅರ್ಥ. ಇಲ್ಲಿ ಕೈ ಹಿಡಿದದ್ದು ‘ನಸು’. ನಸುನಗು, ನಸುಕೋಪ ಇದ್ದ ಹಾಗೆ ಈ ವೈನರಿಯವರ ಬಿಳಿ ವೈನ್ ಸೊವಿನ್ಯೋನ್ ಬ್ಲಾಂಕ್ ನಸುಹುಳಿ. ಇವರ ಇನ್ನೊಂದು ಬಿಳಿ ವೈನ್ ಶೆನಿನ್ ಬ್ಲಾಂಕಿನಲ್ಲಿ ಸ್ವಲ್ಪ ಸಕ್ಕರೆ ಉಳಿಸಿದ್ದಾರೆ, ಅದು ನಸುಸಿಹಿ. ಮುಂದೆ ರೋಸೆ ಮಾಡಿದರೆ ನಸುಗೆಂಪು ಸಿದ್ಧವಾಗಿದೆ. ನಸು ಅಂದಾಗ ಅದು ಬೇಕಂತಲೇ ಇಟ್ಟ ಹದ ಅನ್ನಿಸುತ್ತದೆ, ಕೆಟ್ಟದ್ದು ಅನ್ನಿಸುವುದಿಲ್ಲ.

‘ಬಾಡಿ’ಗೆ, ಅಂದರೆ ವೈನ್ ಬಾಯಲ್ಲಿ ಎಷ್ಟು ದಪ್ಪ ಅನ್ನಿಸುತ್ತದೆ ಅನ್ನುವುದಕ್ಕೆ, ಮೈ, ಮೈಕಟ್ಟು ಯಾವುದೂ ಬೇಡ. ಕೆನೆಹಾಲಿಗೂ ಕೆನೆ ತೆಗೆದ ಹಾಲಿಗೂ ಇರುವ ವ್ಯತ್ಯಾಸವೇ ಅದು. ಮಂದ, ತಿಳಿ ಎರಡೇ ಸಾಕು. ‘ಲಾಂಗ್ ಫಿನಿಶ್’ಗೆ ‘ರುಚಿ ಬಾಯಲ್ಲಿ ನಿಲ್ಲುತ್ತದೆ’ ಅಂತ ಬರೆದಿದ್ದೇನೆ. ಇವರ ಕೆಂಪು ವೈನ್ ಶಿರಾಜಿನ ಚೀಟಿಯಲ್ಲಿದ್ದ ‘ಸ್ಪೈಸಿ’ಯನ್ನು ‘ಖಾರ’ ಮಾಡಲಿಲ್ಲ. ಅದು ಬಾಯಿ ಉರಿಸುವುದಿಲ್ಲ, ಮೂಗಿಗೆ ಕಾಳುಮೆಣಸಿನ ಘಮ ಬರುತ್ತದೆ. ಕಾಳುಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಅನ್ನುವ ಅಂಶವೇ ಶಿರಾಜ್ ದ್ರಾಕ್ಷಿಯಲ್ಲೂ ಇದೆ. ‘ಕಾಳುಮೆಣಸಿನ ಘಮ’ ಅಂದರೆ ಮುಗಿಯಿತು.

ಈಗ ಸಿಕ್ಕಿಕೊಂಡಿರುವ ಪದಕ್ಕೆ ಬರುತ್ತೇನೆ. ಪ್ರತಿ ಚೀಟಿಯ ಕೆಳಗೆ ‘ಪೇರಿಂಗ್’ ಅನ್ನುವ ತಲೆಬರಹ ಇದೆ. ‘ಜೋಡಿ’ ಅಂದರೆ ಸುಮ್ನೆ ಪಕ್ಕಪಕ್ಕ ಇಟ್ಟ ಹಾಗೆ. ‘ಹೊಂದಾಣಿಕೆ’ ಅಂದರೆ ಯಾರೋ ಒಬ್ಬರು ಸೋತು ಸುಮ್ಮನಾದ ಹಾಗೆ. ಬಾಯಲ್ಲಿ ಆಗುವುದು ಇವೆರಡೂ ಅಲ್ಲ. ಇದನ್ನು ತಿಳಿಯಲೆಂದೇ ಅವರ ಇನ್ನೊಂದು ಕೆಂಪು ವೈನ್ ಕ್ಯಾಬರ್ನೆ ಸೊವಿನ್ಯೋನ್ ತೆಗೆದುಕೊಂಡು ಕೂತೆ. ಬರೀ ವೈನ್ ಒಂದು ಗುಟುಕು ಕುಡಿದರೆ ಕೆನ್ನೆಯ ಒಳಭಾಗ ಹಿಡಿದುಕೊಂಡಿತು. ಗಟ್ಟಿ ಚೀಸಿನ ಒಂದು ತುಂಡು ಅಗಿದು ಮತ್ತೆ ಗುಟುಕು ತೆಗೆದುಕೊಂಡೆ. ಒಗರು ಅರ್ಧಕ್ಕರ್ಧ ಇಳಿದಿತ್ತು, ಅದರ ಅಡಿಯಲ್ಲಿದ್ದ ಹಣ್ಣಿನ ರುಚಿ ಮೇಲೆ ಬಂತು. ಟೀಗೆ ಹಾಲು ಹಾಕಿದರೆ ಒಗರು ಕಡಿಮೆ ಆಗುವುದು ಇದೇ ಕಾರಣಕ್ಕೆ. ಟ್ಯಾನಿನ್‌ಗೆ ಹಿಡಿದುಕೊಳ್ಳಲು ಬೇರೆ ಪ್ರೋಟೀನ್ ಸಿಕ್ಕಿತು, ನಾಲಿಗೆಯನ್ನು ಬಿಟ್ಟಿತು. ಆಮೇಲೆ ಅದೇ ವೈನನ್ನು ಮೀನಿನ ಜೊತೆ ಕುಡಿದೆ. ಬಾಯಲ್ಲಿ ಹಸಿ ಮೀನಿನ ವಾಸನೆ ಎದ್ದಿತು. ವೈನಿನಲ್ಲಿರುವ ಕಬ್ಬಿಣದ ಅಂಶ ಇದಕ್ಕೆ ಕಾರಣ ಅಂತ ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಸೊವಿನ್ಯೋನ್ ಬ್ಲಾಂಕ್ ಜೊತೆ ಅದೇ ಮೀನು ನಿಂಬೆ ಹಿಂಡಿದ ಹಾಗೆ ಹಗುರಾಯಿತು.

ಇದಕ್ಕೆ ಹತ್ತಿರದ ಪದ ನಮ್ಮಲ್ಲಿ ಇದೆ, ‘ನೆಂಚಿಕೊಳ್ಳುವುದು’. ಒಂದನ್ನು ತಿನ್ನುತ್ತ ಇನ್ನೊಂದನ್ನು ನಡುನಡುವೆ ಬಾಯಿಗೆ ಇಡುವುದು. ಇಡೀ ಕ್ರಿಯೆಯೇ ಅದರಲ್ಲಿದೆ. ತೊಡಕು ಎರಡು. ಕೆಲವರು ಇದನ್ನು ‘ನಂಜಿಕೊಳ್ಳುವುದು’ ಅನ್ನುತ್ತಾರೆ. ಕುಡಿಯುವ ಬಾಟಲಿಯ ಜೊತೆ ‘ನಂಜು’ ಕಾಣಿಸಿದರೆ ಚೆನ್ನಾಗಿರುವುದಿಲ್ಲ. ಎರಡನೆಯದು, ನೆಂಚಿಕೆ ಯಾವಾಗಲೂ ಊಟದ ಆಳು. ಊಟ ದೊಡ್ಡದು, ಅದು ಚಿಕ್ಕದು. ‘ವ್ಯಂಜನ’ಕ್ಕೂ ಇದೇ ಗತಿ, ಜೊತೆಗೆ ಕಖಗಘ ನೆನಪಾಗುತ್ತದೆ.

ಹಳಗನ್ನಡದಲ್ಲಿ ಇನ್ನೊಂದು ಪದ ಇದೆ, ‘ಚಕ್ಕಣ’. ಕಳ್ಳಿನ ಜೊತೆ ತಿನ್ನುವ ರುಚಿಯ ತಿನಿಸು. ಹಿಂದಿಯ ‘ಚಖ್ನಾ’ ಕೇಳಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಇಲ್ಲಿ ಸಂಬಂಧ ತಿರುವುಮುರುವು, ಕುಡಿತ ದೊಡ್ಡದು, ತಿನಿಸು ಆಳು. ಪದ ನನಗೆ ತುಂಬ ಇಷ್ಟ. ಆದರೆ ಚೀಟಿಯಲ್ಲಿ ಕೆಂಡದಲ್ಲಿ ಸುಟ್ಟ ಕುರಿಮಾಂಸ ಇದೆ, ಅಣಬೆಯ ಪಲ್ಯ ಇದೆ. ಅವು ಪೂರ್ತಿ ಊಟ, ಚಕ್ಕಣ ಅಲ್ಲ. ಎರಡೂ ಸಮಾನವಾಗಿ ಕೂತು ಒಂದನ್ನೊಂದು ಬದಲಾಯಿಸುವುದಕ್ಕೆ ಪದ ಬೇಕು.

ಸದ್ಯಕ್ಕೆ ‘ಒಗ್ಗು’ ಅನ್ನುವ ಕ್ರಿಯಾಪದ ಹಿಡಿದಿದ್ದೇನೆ. ‘ಆ ಊರಿನ ಹವೆ ಒಗ್ಗಲಿಲ್ಲ’ ಅನ್ನುವಾಗ ಮೈ ಒಪ್ಪಲಿಲ್ಲ ಅಂತ ತಾನೇ? ‘ಒಗರಿಗೆ ಜಿಡ್ಡು ಒಗ್ಗುತ್ತದೆ’ ಅಂತ ಹೇಳಿ ನೋಡಿ, ಬಾಯಿಗೆ ಸಲೀಸು. ಆದರೆ ತಲೆಬರಹಕ್ಕೆ ನಾಮಪದ ಬೇಕು. ‘ಒಗ್ಗುವಿಕೆ’ ಸರ್ಕಾರಿ ಸುತ್ತೋಲೆಯ ಹಾಗಿದೆ. ‘ಒಗ್ಗಿಕೆ’ ಅಂತ ಯಾರಾದರೂ ಮಾತಿನಲ್ಲಿ ಕೇಳಿದ್ದೀರಾ? ಚಕ್ಕಣ ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯಾ, ಇದ್ದರೆ ಯಾವ ಅರ್ಥದಲ್ಲಿ?

ಕ್ಯಾಬರ್ನೆ ಚೀಟಿ ಈಗ ಹೀಗಿದೆ: ‘ಕೆಂಪು. ಸಿಹಿ ಇಂಗಿದ್ದು. ಮಂದ. ಒಗರು ಜೋರು, ರುಚಿ ಬಾಯಲ್ಲಿ ನಿಲ್ಲುತ್ತದೆ. ________: ಕೆಂಡದಲ್ಲಿ ಸುಟ್ಟ ಕುರಿಮಾಂಸ, ಗಟ್ಟಿ ಚೀಸ್.’ ಆ ಖಾಲಿ ಜಾಗಕ್ಕೆ ಒಂದು ಪದ ಕೊಡಿ.