ಪಾಷಾಣ ಬೇಡ ಅಂತ ಮಾತ್ರ ಹೇಳಬೇಡಿ

ಎಲ್ಲರಿಗೂ ನಮಸ್ಕಾರ. ಉದ್ದ ಆಗುತ್ತದೆ, ಸ್ವಲ್ಪ ಸಹಿಸಿಕೊಳ್ಳಿ. ರಾತ್ರಿ ಡ್ಯೂಟಿ ಮುಗಿಸಿ ಬಂದು ನೋಡಿದರೆ ಗ್ರೂಪಿನಲ್ಲಿ 64 ಮೆಸೇಜು.

ಮೊದಲು ದೊಡ್ಡಮ್ಮನಿಗೆ. ಬ್ಲಡ್ ಕ್ಯಾನ್ಸರ್ ಬಂದಿರುವ ನಮ್ಮ ಹುಡುಗನಿಗೆ ಕೀಮೋ ಬಿಟ್ಟು ಪಾಷಾಣ ಏರಿಸುತ್ತಾರಂತೆ, ಸಹಿ ಹಾಕಬೇಡಿ ಅಂತ ಹೇಳಲಾ ಎಂದು ಕೇಳಿದ್ದೀರಿ. ದಯವಿಟ್ಟು ಹೇಳಬೇಡಿ. ಹೌದು, ಅದು ಆರ್ಸೆನಿಕ್ಕೇ. ನಮ್ಮ ಕಡೆ ಶಂಖಪಾಷಾಣ ಅನ್ನುತ್ತಾರಲ್ಲ, ಅದೇ ವಸ್ತು. ಅದನ್ನು ಶುದ್ಧ ಮಾಡಿ, ಮೈತೂಕ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ, ಸುಮಾರು ಎರಡು ಗಂಟೆ ನಿಧಾನವಾಗಿ ಡ್ರಿಪ್ ಹಾಕುತ್ತಾರೆ. ಹೃದಯದ ಬಡಿತ ತಪ್ಪದಿರಲಿ ಎಂದು ಇಸಿಜಿ, ಪೊಟ್ಯಾಶಿಯಂ, ಮೆಗ್ನೀಶಿಯಂ ನೋಡುತ್ತಲೇ ಇರುತ್ತಾರೆ. 1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನಲ್ಲಿ ಇದು ಹೊರಬಂದದ್ದೇ ನಾಟಿ ಔಷಧಿಯೊಂದರಿಂದ. ಹಾಗಂತ ಯಾರೂ ಪುಡಿ ಹುಡುಕಿಕೊಂಡು ಹೋಗಬೇಡಿ ಮತ್ತೆ!

ಕಾಯಿಲೆ ಎಪಿಎಂಎಲ್, ಅಂದರೆ ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ, ಬ್ಲಡ್ ಕ್ಯಾನ್ಸರಿನ ಒಂದು ಬಗೆ. 15 ಮತ್ತು 17ನೇ ಕ್ರೋಮೋಸೋಮಿನ ತುಂಡುಗಳು ಅದಲು ಬದಲಾಗಿರುತ್ತವೆ. ಅದರಿಂದ ಬಿಳಿ ಕಣಗಳು ಬಲಿಯದೆ ಎಳೆಗಾಯಲ್ಲೇ ನಿಂತುಬಿಡುತ್ತವೆ. ಹುಡುಗ ನುಂಗುತ್ತಿರುವ ಆಟ್ರಾ ಕ್ಯಾಪ್ಸೂಲು ವಿಟಮಿನ್ ಎ ಕುಟುಂಬದ್ದು. ಆ ಕಾಯಿಗಳನ್ನು ಹಣ್ಣು ಮಾಡುತ್ತದೆ, ಹಣ್ಣಾದದ್ದು ತಾನಾಗಿ ಉದುರುತ್ತದೆ. (ಕ್ಯಾರೆಟ್ ಜ್ಯೂಸ್ ಸಾಕಲ್ವಾ ಎಂದವರಿಗೆ: ಸಾಲದು.) ಶಾಂಘೈನ ವಾಂಗ್ ಝೆನ್‌ಯಿ ಎಂಬ ಡಾಕ್ಟರು 1985ರಲ್ಲಿ ಇದನ್ನು ಕೊಟ್ಟದ್ದು ಐದು ವರ್ಷದ ಹುಡುಗಿಗೆ. ಅವಳು ಉಳಿದುಕೊಂಡಳು.

‘ಬ್ಲಡ್ ಕ್ಯಾನ್ಸರ್ ಅಂದರೆ ಆರೇ ತಿಂಗಳು’ ಎಂದು ಫಾರ್ವರ್ಡ್ ಹಾಕಿದ ಭಾವ, ಅದನ್ನು ತೆಗೆಯಿರಿ. ಹುಡುಗ ಇದೇ ಗ್ರೂಪಿನಲ್ಲಿದ್ದಾನೆ. ಇಟಲಿ, ಜರ್ಮನಿಯ ಡಾಕ್ಟರುಗಳು 2013ರಲ್ಲಿ ಆಟ್ರಾ ಜೊತೆ ಕೀಮೋ, ಆಟ್ರಾ ಜೊತೆ ಆರ್ಸೆನಿಕ್ ಎರಡನ್ನೂ ಹೋಲಿಸಿ ವರದಿ ಕೊಟ್ಟರು. ಎರಡು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಬದುಕಿದ್ದವರು ಕೀಮೋ ಕಡೆ ನೂರಕ್ಕೆ 86, ಆರ್ಸೆನಿಕ್ ಕಡೆ 97. ಇದು ಬಿಳಿ ಕಣ ಹತ್ತು ಸಾವಿರ ದಾಟದವರ ಲೆಕ್ಕ. ನಮ್ಮ ಹುಡುಗನದು ಮೂರು ಸಾವಿರ ಚಿಲ್ಲರೆ. ದೂರದ ಮಾತು ಬೇಡ ಅಂದರೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆ ನೋಡಿ. ಅಲ್ಲಿ 72 ಜನಕ್ಕೆ ಬರೀ ಆರ್ಸೆನಿಕ್ ಆಧಾರದ ಮೇಲೆಯೇ ಚಿಕಿತ್ಸೆ ಮಾಡಿದ್ದರು. ಐದು ವರ್ಷದ ಲೆಕ್ಕದಲ್ಲಿ ಬದುಕುಳಿದವರು ನೂರಕ್ಕೆ 74.

ಭಯ ಪಡಬೇಕಾದದ್ದು ಈಗಿನ ಎರಡು ಮೂರು ವಾರಕ್ಕೆ. ಈ ಕಾಯಿಲೆ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಸ್ವೀಡನ್ನಿನಲ್ಲಿ 1997ರಿಂದ 2006ರವರೆಗೆ ಪತ್ತೆಯಾದ ಅಷ್ಟೂ ಜನರನ್ನು ಎಣಿಸಿದರೆ, ನೂರಕ್ಕೆ 29 ಜನ ತಿಂಗಳೊಳಗೇ ತೀರಿಕೊಂಡಿದ್ದರು. ಅಂಥ ಶ್ರೀಮಂತ ದೇಶದಲ್ಲಿ! ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ವಸಡಿನಲ್ಲಿ ರಕ್ತ ಎಂದು ಬಂದ ಹುಡುಗಿಯೊಬ್ಬಳು ನಾಲ್ಕನೇ ದಿನ ಮೆದುಳಿನಲ್ಲಿ ರಕ್ತಸ್ರಾವವಾಗಿ ಹೋದಳು. ರಿಪೋರ್ಟ್ ಬರಲಿ ಎಂದು ಕ್ಯಾಪ್ಸೂಲು ತಡ ಮಾಡಿದ್ದೆವು. ನನಗೆ ಇವತ್ತಿಗೂ ಅವಳ ಬೆಡ್ ನಂಬರ್ ನೆನಪಿದೆ. ನಮ್ಮ ಹುಡುಗನಿಗೆ ಅನುಮಾನ ಬಂದ ದಿನವೇ ಶುರು ಮಾಡಿದ್ದಾರೆ. ಅದು ದೊಡ್ಡ ಪುಣ್ಯ.

ಅತ್ತಿಗೆ, ನೀವು ಪಕ್ಕದಲ್ಲೇ ಇರುತ್ತೀರಿ. ಬಿಳಿ ಕಣ ಏಕ್‌ದಂ ಏರಿದರೆ ಔಷಧಿ ಕೆಲಸ ಮಾಡುತ್ತಿಲ್ಲ ಎಂದು ಅಳಬೇಡಿ. ಕಾಯಿ ಹಣ್ಣಾಗುವಾಗ ಹಾಗಾಗುವುದುಂಟು, ಡಾಕ್ಟರು ನೋಡಿಕೊಳ್ಳುತ್ತಾರೆ. ಆದರೆ ಜ್ವರ, ಉಸಿರುಕಟ್ಟುವಿಕೆ, ಕಾಲು ಬಾವು, ಒಂದೆರಡು ದಿನದಲ್ಲಿ ತೂಕ ಜಾಸ್ತಿ, ಹೀಗೇನಾದರೂ ಆದರೆ ಮಧ್ಯರಾತ್ರಿಯಾದರೂ ನರ್ಸನ್ನು ಎಬ್ಬಿಸಿ. ಅದಕ್ಕೆ ಸ್ಟೀರಾಯ್ಡ್ ಕೊಡುತ್ತಾರೆ, ತಡವಾಗಬಾರದು. ತಲೆನೋವು ಬಂದರೆ ನೀವಾಗಿ ಮಾತ್ರೆ ಕೊಡಬೇಡಿ, ತಕ್ಷಣ ಹೇಳಿ. ಮಾವ, ಪಪ್ಪಾಯಿ ಎಲೆ ರಸ ಬೇಡ. ಬೇಜಾರಾಗಬೇಡಿ.

ಇನ್ನು ಪ್ಲೇಟ್ಲೆಟ್ಟು, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು. ಈ ವಾರ ದಿನಾ ಬೇಕಾಗಬಹುದು. ಬೆಂಗಳೂರಿನಲ್ಲಿ ಇರುವವರು ಹೆಸರು, ಬ್ಲಡ್ ಗ್ರೂಪ್ ಇಲ್ಲೇ ಕೆಳಗೆ ಬರೆಯಿರಿ. ಮೂರು ದಿನದಿಂದ ಈಚೆಗೆ ಆಸ್ಪಿರಿನ್ ತೆಗೆದುಕೊಂಡವರು ಬೇಡ. ನಾನು ಒಂದು ನಿದ್ದೆ ಮಾಡಿ ಹನ್ನೊಂದಕ್ಕೆ ಎದ್ದು ಪಟ್ಟಿ ಮಾಡುತ್ತೇನೆ.