ಅಮ್ಮನಿಗೆ ಕೀಮೋ ಬೇಡವಾಗಬಹುದು ಅಂದಿದ್ದಾರೆ, ನಂಬಬಹುದಾ?

ಮುಂಜಾವು:
ಅಮ್ಮನಿಗೆ 57. ಪ್ರತಿ ವರ್ಷದಂತೆ ಮಾಡಿಸಿದ ಮ್ಯಾಮೊಗ್ರಾಮ್‌ನಲ್ಲಿ ಎಡಗಡೆ ಸ್ತನದಲ್ಲಿ ಏನೋ ಕಾಣಿಸಿತು. ಕೈಗೆ ಗಂಟು ಸಿಕ್ಕಿರಲೇ ಇಲ್ಲ. ಸ್ತನ ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಬಂದಮೇಲೂ ಅಮ್ಮ "ಎಲ್ಲಿದೆಯೇ?" ಅಂತ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು. ಮೂರು ವಾರದ ಹಿಂದೆ ಆಪರೇಷನ್ ಆಯ್ತು. ಗಡ್ಡೆ 14 ಮಿಲಿಮೀಟರ್, ಈಆರ್ ಪಾಸಿಟಿವ್ (ಹಾರ್ಮೋನ್‌ನಿಂದ ಬೆಳೆಯುವ ಬಗೆ), ಹರ್‌2 ಅನ್ನೋ ಪ್ರೋಟೀನ್ ನೆಗೆಟಿವ್, ಕಂಕುಳ ಗ್ರಂಥಿಗಳಲ್ಲಿ ಏನೂ ಇಲ್ಲ. ಗಡ್ಡೆಯನ್ನು ಜೀನ್ ಪರೀಕ್ಷೆಗೆ ಕಳಿಸೋಣ, ಸ್ಕೋರ್ ಕಡಿಮೆ ಬಂದರೆ ರೇಡಿಯೇಷನ್, ಹಾರ್ಮೋನ್ ತಡೆಯುವ ಮಾತ್ರೆ ಸಾಕು ಅಂದರು ಡಾಕ್ಟರ್.

ಸಮಾಧಾನ ಆಗಬೇಕಿತ್ತು, ಭಯ ಆಯ್ತು. ದೊಡ್ಡಮ್ಮನಿಗೆ 2003ರಲ್ಲಿ, 44ನೇ ವಯಸ್ಸಿಗೇ ಇದೇ ಕಾಯಿಲೆ ಬಂದಿತ್ತು. ಕೀಮೋ ತಗೊಂಡರು, ಇವತ್ತಿಗೂ ಗಟ್ಟಿಯಾಗಿದ್ದಾರೆ. ಅಮ್ಮನಿಗೆ ಮಾತ್ರ ಯಾಕೆ ಬೇಡ? ನನಗೆ 34. ನಾನೂ ಈಗಲೇ ಮ್ಯಾಮೊಗ್ರಾಮ್ ಶುರು ಮಾಡಬೇಕಾ?

ದಾರಿಹೋಕ:
ಹೇಗಿದ್ದರೂ ಕೀಮೋ ಹಾಕಿಸಿಬಿಡಿ. ಆಮೇಲೆ ಮರುಕಳಿಸಿದರೆ ನಿಮ್ಮ ಮನಸ್ಸೇ ನಿಮ್ಮನ್ನು ಬಿಡಲ್ಲ.

ಲ್ಯಾಬ್ ಅಕ್ಕ:
ದಾರಿಹೋಕ ಅವರೇ, ಆ ಭಯ ಅರ್ಥವಾಗುತ್ತೆ, ಆದರೆ ಲೆಕ್ಕ ಹಾಗಿಲ್ಲ. ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ತೆಗೆದ ಗಡ್ಡೆಯ ತುಣುಕನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ ಗಾಜಿನ ಮೇಲೆ ಹರಡುತ್ತೇವೆ. ಈಆರ್ ಬಣ್ಣ ಹಾಕಿದಾಗ ಜೀವಕೋಶದ ನಡುವಿನ ಕೇಂದ್ರ ಕಂದಾದರೆ ಅದು ಹಾರ್ಮೋನ್ ನಂಬಿ ಬೆಳೆಯುವ ಜಾತಿ. ಹರ್‌2 ಹೆಚ್ಚಿದ್ದರೆ ಕೋಶದ ಸುತ್ತ ಉಂಗುರದ ಹಾಗೆ ಕಂದು ಗೆರೆ ಕಾಣುತ್ತೆ. ಅಂಥವರಿಗೆ 1998ರಿಂದ ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧಿ ಇದೆ. ಅದು ನಿಮ್ಮ ಅಮ್ಮನ ದಾರಿ ಅಲ್ಲ.

ಜೀನ್ ಪರೀಕ್ಷೆಗೆ ಹೋಗುವುದೂ ಅದೇ ಬಿಲ್ಲೆಯ ಸೀಳು, ಅಮ್ಮನಿಗೆ ಮತ್ತೆ ಸೂಜಿ ಚುಚ್ಚಬೇಕಿಲ್ಲ. ಬಹುಶಃ ಆಂಕೋಟೈಪ್ ಡಿಎಕ್ಸ್ ಇರಬೇಕು. 21 ಜೀನ್ ನೋಡಿ, ಕಾಯಿಲೆ ಮರುಕಳಿಸುವ ಅಪಾಯಕ್ಕೆ 0ಯಿಂದ 100ರವರೆಗೆ ಸ್ಕೋರ್ ಕೊಡುತ್ತೆ. 2018ರಲ್ಲಿ ಟೇಲರ್‌ಎಕ್ಸ್ ಅಧ್ಯಯನದ ಫಲಿತಾಂಶ ಬಂತು. ಇದೇ ಬಗೆಯ ಕ್ಯಾನ್ಸರ್ ಇದ್ದ 10,000ಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ದರು. ಸ್ಕೋರ್ 11ರಿಂದ 25 ಇದ್ದು, ವಯಸ್ಸು 50 ದಾಟಿದವರಲ್ಲಿ ಕೀಮೋ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. 50ರೊಳಗಿನವರಲ್ಲಿ ಸ್ಕೋರ್ 16ರಿಂದ ಮೇಲೆ ಇದ್ದರೆ ಸ್ವಲ್ಪ ಲಾಭ ಕಂಡಿತು. ಹಾಗಾಗಿ ಅದೇ ಸ್ಕೋರಿಗೆ ಇಬ್ಬರಿಗೆ ಎರಡು ಉತ್ತರ ಬರಬಹುದು. ಈ ಪರೀಕ್ಷೆ ಬಳಕೆಗೆ ಬಂದದ್ದೇ 2004ರಲ್ಲಿ, ನಿಮ್ಮ ದೊಡ್ಡಮ್ಮನ ಡಾಕ್ಟರ ಕೈಯಲ್ಲಿ ಇದು ಇರಲೇ ಇಲ್ಲ.

ನಿಮ್ಮ ವಿಷಯ: ಮ್ಯಾಮೊಗ್ರಾಮ್‌ಗಿಂತ ಮೊದಲು ದೊಡ್ಡಮ್ಮನಿಗೆ ಬಿಆರ್‌ಸಿಎ1, ಬಿಆರ್‌ಸಿಎ2 ಪರೀಕ್ಷೆ (ವಂಶದಲ್ಲಿ ಇಳಿದು ಬರುವ ಜೀನ್ ದೋಷ ಹುಡುಕುವುದು) ಆಗಿದೆಯಾ ಕೇಳಿ. ಮನೆಯಲ್ಲಿ ಚಿಕ್ಕ ವಯಸ್ಸಿಗೆ ಕಾಯಿಲೆ ಬಂದವರಿಂದ ಶುರು ಮಾಡಿದರೆ ಉತ್ತರ ಸ್ಪಷ್ಟವಾಗಿ ಸಿಗುತ್ತೆ. ದೋಷ ಇದ್ದು ಅದು ನಿಮಗೂ ಬಂದಿದ್ದರೆ, ಈ ವಯಸ್ಸಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಕೂಡ ಬೇಕಾಗುತ್ತೆ.

ಹೊಂಗೆನೆರಳು:
ಮಗಳೇ, ನನಗೆ 61ರಲ್ಲಿ ಬಂತು, ಸ್ಕೋರ್ 17. ಕೀಮೋ ಬೇಡ ಅಂದಾಗ ನನ್ನ ಕೈಬಿಟ್ಟರು ಅಂತಲೇ ಅಂದುಕೊಂಡಿದ್ದೆ. ಡಾಕ್ಟರ್ ಸ್ಕೋರಿನ ಕಾಗದ ಮುಂದಿಟ್ಟು ತಾಳ್ಮೆಯಿಂದ ವಿವರಿಸಿದ ಮೇಲೆ ಆ ರಾತ್ರಿ ನಿದ್ದೆ ಬಂತು. ಆದರೆ ಮಾತ್ರೆಯನ್ನು ಹಗುರವಾಗಿ ನೋಡಬೇಡಿ. ಲೆಟ್ರೊಜೋಲ್ ಶುರುವಾದ ಮೊದಲ ವರ್ಷ ಬೆಳಿಗ್ಗೆ ಅಂಗಿಯ ಗುಂಡಿ ಹಾಕೋಕೂ ಬೆರಳು ಬಗ್ಗುತ್ತಿರಲಿಲ್ಲ. ಎಷ್ಟೋ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ಬಿಡಬಾರದು, ಡಾಕ್ಟರಿಗೆ ಹೇಳಿ ಬೇರೆ ಮಾತ್ರೆ ಕೇಳಬೇಕು; ನನಗೆ ಬದಲಿಸಿದ ಮೇಲೆ ಎಷ್ಟೋ ಸರಿಹೋಯ್ತು. ಮೂಳೆ ಸವೆಯುತ್ತೆ, ಶುರುವಿನಲ್ಲೇ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ.

ಮುಂಜಾವು:
ಸ್ಕೋರ್ ಬಂತು, 13. ಅಮ್ಮ ಕೇಳಿದ ಮೊದಲ ಮಾತು, "ಕೂದಲು ಹೋಗಲ್ವಾ ಹಾಗಾದ್ರೆ?" ಡಾಕ್ಟರೇ ನಕ್ಕುಬಿಟ್ಟರು. ಅಮ್ಮ ಅತ್ತಳು, ನಾನೂ. ಹೊಂಗೆನೆರಳು ಅಮ್ಮ, ಡೆಕ್ಸಾ ಬರೆಸಿಕೊಂಡೆ.

ದೊಡ್ಡಮ್ಮನಿಗೆ ಬಿಆರ್‌ಸಿಎ ಪರೀಕ್ಷೆ ಆಗೇ ಇಲ್ಲವಂತೆ. ಅವರ 2003ರ ಫೈಲನ್ನು ಅಟ್ಟದಿಂದ ಇಳಿಸಿದ್ದೇವೆ, ಗುರುವಾರ ಜೆನೆಟಿಕ್ ಕೌನ್ಸೆಲರ್ ಹತ್ತಿರ ಮೂವರೂ ಹೋಗುತ್ತಿದ್ದೇವೆ.