ಲಿವರ್ ಎಳೆಯೋದು ಸರಿ, ತಳ್ಳೋದು ತಪ್ಪು: ಟ್ರಾಲಿ ಸಮಸ್ಯೆಯನ್ನು ತರಗತಿಯಲ್ಲಿ ಕೇಳೋದು ಹೇಗೆ?

ಹಳಿ_ಬದಲು: ಬಿಎ ತರಗತಿಯ 60 ವಿದ್ಯಾರ್ಥಿಗಳಿಗೆ ಟ್ರಾಲಿ ಸಮಸ್ಯೆ ಕೊಡಬೇಕು. ಬ್ರೇಕ್ ಫೇಲಾದ ಬೋಗಿ ಐವರ ಮೇಲೆ ಹರಿಯಲಿದೆ. ಲಿವರ್ ಎಳೆದರೆ ಪಕ್ಕದ ಹಳಿಯಲ್ಲಿರುವ ಒಬ್ಬ ಸಾಯುತ್ತಾನೆ. ಇನ್ನೊಂದರಲ್ಲಿ, ಮೇಲ್ಸೇತುವೆಯಿಂದ ಒಬ್ಬನನ್ನು ತಳ್ಳಿದರೆ ಬೋಗಿ ನಿಲ್ಲುತ್ತದೆ. ಎರಡರಲ್ಲೂ ಹೋಗೋದು ಒಂದು ಜೀವ, ಉಳಿಯೋದು ಐದು. ಆದರೂ ಮೊದಲನೆಯದಕ್ಕೆ ಹೂಂ ಅಂದವರೇ ಎರಡನೆಯದಕ್ಕೆ ಛೇ ಅನ್ನೋದು ಯಾಕೆ? ಕೈ ಎತ್ತಿಸಿ ಎಣಿಸಿದರೆ ಸಾಕಾ?

ಚೀಟಿಪಟ್ಟಿ: ಕೈ ಎತ್ತಿಸಲೇಬೇಡಿ. ಮುಂದಿನ ಬೆಂಚಿನವರನ್ನು ನೋಡಿ ಹಿಂದಿನವರು ಎತ್ತುತ್ತಾರೆ. ಚೀಟಿ ಹಂಚಿ. ಒಬ್ಬರಿಗೆ ಒಂದೇ ಸನ್ನಿವೇಶ ಕೊಡಿ. ಸೇತುವೆಯ ಪ್ರಶ್ನೆ ಮೊದಲು ಓದಿದವರು ಆಮೇಲೆ ಲಿವರ್ ಎಳೆಯೋಕೂ ಹಿಂಜರಿಯುತ್ತಾರೆ. ಲಿವರ್ ಮೊದಲು ಬಂದರೆ ಸೇತುವೆಯ ಉತ್ತರ ಅಷ್ಟಾಗಿ ಅಲುಗಾಡಲ್ಲ. 2012ರಲ್ಲಿ ಶ್ವಿಟ್ಸ್‌ಗೆಬೆಲ್ ಮತ್ತು ಕುಶ್‌ಮನ್ ಅನ್ನೋ ಸಂಶೋಧಕರು ತತ್ತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರನ್ನೇ ಪರೀಕ್ಷಿಸಿದಾಗ ಅವರೂ ಈ ಕ್ರಮದ ಬಲೆಗೆ ಬಿದ್ದಿದ್ದರು!

ಇನ್ನೊಂದು: "ಮಾಡಬಹುದೇ", "ಮಾಡಲೇಬೇಕೇ", "ನೀವಾದರೆ ಮಾಡ್ತೀರಾ" ಮೂರೂ ಬೇರೆ ಬೇರೆ ಪ್ರಶ್ನೆಗಳು. ಒಂದನ್ನು ಹಿಡಿದು ಎಲ್ಲ ಚೀಟಿಯಲ್ಲೂ ಅದನ್ನೇ ಹಾಕಿ. ನನ್ನ ಆಯ್ಕೆ "ಮಾಡಬಹುದೇ".

ದ್ವಿಫಲ: ಕಾರಣದ ಬಗ್ಗೆ. ತತ್ತ್ವಜ್ಞಾನಿ ಫಿಲಿಪ್ಪಾ ಫುಟ್ 1967ರಲ್ಲಿ ಇದನ್ನು ಎತ್ತಿದಾಗ ಬೋಗಿ ತಿರುಗಿಸುವವನು ಚಾಲಕನೇ. ಲಿವರ್ ಪಕ್ಕ ನಿಂತ ದಾರಿಹೋಕನನ್ನು ತಂದವರು ಇನ್ನೊಬ್ಬ ತತ್ತ್ವಜ್ಞಾನಿ ಜೂಡಿತ್ ಥಾಮ್ಸನ್. (ಆಕೆಯೇ 2008ರಲ್ಲಿ ಮನಸ್ಸು ಬದಲಿಸಿ, ದಾರಿಹೋಕ ಲಿವರ್ ಮುಟ್ಟಬಾರದು ಅಂದರು. ಇದನ್ನು ಪಾಠ ಮಾಡುವವರು ಹೇಳೋದೇ ಕಮ್ಮಿ.)

ಸಾಮಾನ್ಯ ಉತ್ತರ: ಸೇತುವೆಯವನ ದೇಹವೇ ಬೋಗಿ ನಿಲ್ಲಿಸುವ ಸಾಧನ, ಹಳಿಯವನ ಸಾವು ಅಡ್ಡಪರಿಣಾಮ. ಅರ್ಧ ಸರಿ. 2009ರಲ್ಲಿ ಮನಶ್ಶಾಸ್ತ್ರಜ್ಞ ಜೋಶುವಾ ಗ್ರೀನ್ ತಂಡ ಸೇತುವೆಯ ಕಥೆಯನ್ನೇ ನಾಲ್ಕು ಬಗೆಯಲ್ಲಿ ಕೇಳಿತು. ಕೈಯಿಂದ ತಳ್ಳುವುದಕ್ಕೆ ಒಪ್ಪಿದವರು ನೂರಕ್ಕೆ 31, ಕೋಲಿನಿಂದ ತಳ್ಳುವುದಕ್ಕೆ 33. ಪಕ್ಕದಲ್ಲೇ ನಿಂತು ಸ್ವಿಚ್ ಒತ್ತಿ ಅವನ ಕಾಲಡಿಯ ಬಾಗಿಲು ತೆರೆದು ಬೀಳಿಸುವುದಕ್ಕೆ 59, ದೂರದಿಂದ ಸ್ವಿಚ್ ಒತ್ತುವುದಕ್ಕೆ 63. ನಾಲ್ಕರಲ್ಲೂ ಆತ ಸಾಧನವೇ. ಮೈ ಮುಟ್ಟೋದೂ ಕಾರಣವಲ್ಲ, ಕೋಲಿನಿಂದ ತಳ್ಳುವಾಗ ಕೈ ತಾಗಲ್ಲವಲ್ಲ. ದೂರವೂ ಅಲ್ಲ. ನಮ್ಮ ತೋಳಿನ ಬಲ ಅವನ ಮೇಲೆ ಬೀಳುತ್ತಾ ಅನ್ನೋದೇ ವ್ಯತ್ಯಾಸ. ಹಾಗಂತ ಬಲವೊಂದೇ ಸಾಲದು: ಬೋಗಿಯ ಹಳಿ ಬದಲಿಸುವ ಸ್ವಿಚ್ ಕಡೆ ಓಡುವಾಗ ಅಡ್ಡ ನಿಂತವನಿಗೆ ಡಿಕ್ಕಿ ಹೊಡೆದು ಅವನು ಕೆಳಗೆ ಬೀಳುವ ಕಥೆಗೆ ನೂರಕ್ಕೆ 81 ಜನ ಒಪ್ಪಿದ್ದರು. ಬಲವೂ ಉದ್ದೇಶವೂ ಕೂಡಿದಾಗಲೇ ಜನ ಸಿಡಿದೇಳೋದು.

ಹಳಿ_ಬದಲು: ಹಾಗಾದರೆ ಕೈ ಮತ್ತು ಬಾಗಿಲು, ಎರಡೇ ಸನ್ನಿವೇಶ ಕೊಡ್ತೀನಿ. ಮೂಲ ಕಥೆಯಂತೆ ಸೇತುವೆಯವನನ್ನು "ದಪ್ಪ ಮನುಷ್ಯ" ಅಂದರೆ ಹುಡುಗರು ನಗುತ್ತಾರೆ, ಮೂಟೆ ಹೊತ್ತ ಹಮಾಲಿ ಅನ್ನಲಾ?

ಚೀಟಿಪಟ್ಟಿ: ಹಮಾಲಿ ಬೇಡ ಸರ್. ಬಡವನ ಜೀವ ಅಗ್ಗವಾ ಅನ್ನೋ ಇನ್ನೊಂದು ಪ್ರಶ್ನೆ ಒಳಗೆ ನುಸುಳುತ್ತೆ. ಭಾರದ ಬ್ಯಾಗ್ ಹಾಕಿಕೊಂಡ ಪ್ರಯಾಣಿಕ ಅನ್ನಿ. "ಟ್ರಾಲಿ" ಪದವನ್ನೂ ಬಿಡಿ, ನಮ್ಮಲ್ಲಿ ಅದು ರೈಲ್ವೆ ಸಿಬ್ಬಂದಿ ಹಳಿ ಮೇಲೆ ತಳ್ಳಿಕೊಂಡು ಹೋಗುವ ಗಾಡಿ.

ತಲಾ 30 ಚೀಟಿ, ಕಲಸಿ ಹಂಚಿ. ಕೊನೆಗೆ "ಪ್ರಯಾಣಿಕ ಬಿದ್ದರೆ ಬೋಗಿ ನಿಜಕ್ಕೂ ನಿಲ್ಲುತ್ತೆ ಅಂತ ಒಪ್ಪಿಕೊಂಡೇ ಉತ್ತರಿಸಿದಿರಾ?" ಅಂತ ಕೇಳಿ, ಇಲ್ಲ ಅಂದವರ ಚೀಟಿ ಬೇರೆ ಇಡಿ, ಅವರು ತೀರ್ಪು ಕೊಟ್ಟಿರೋದು ಬೇರೆ ಕಥೆಗೆ. ಮೂವತ್ತರಲ್ಲಿ ಹೂಂ ಅಂದವರು ಕೈಗೆ 9, ಬಾಗಿಲಿಗೆ 18 ಬಂದರೆ ಮಾತಾಡೋಕೆ ವಿಷಯ ಇದೆ. 12 ಮತ್ತು 15 ಬಂದರೆ ಏನೂ ಹೇಳಬೇಡಿ, ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು.

ದ್ವಿಫಲ: ಈ ಚೀಟಿ ಜನ ಏನು ಹೇಳ್ತಾರೆ ಅಂತ ತೋರಿಸುತ್ತೆ, ಏನು ಮಾಡ್ತಾರೆ ಅಂತಲ್ಲ. ಬೆಲ್ಜಿಯಂನ ಗೆಂಟ್‌ನಲ್ಲಿ 2018ರ ಪ್ರಯೋಗವೊಂದರಲ್ಲಿ ನಿಜವಾದ ಇಲಿಗಳನ್ನಿಟ್ಟು, ಬಟನ್ ಒತ್ತಿದರೆ ಐದರ ಬದಲು ಒಂದಕ್ಕೆ ಕರೆಂಟ್ ಹೊಡೆಯುತ್ತೆ ಅಂದರು (ವಾಸ್ತವದಲ್ಲಿ ಯಾವುದಕ್ಕೂ ಹೊಡೆಯಲಿಲ್ಲ). ಇಲಿಗಳ ಎದುರು ಒತ್ತಿದವರು ನೂರಕ್ಕೆ 84. ಬರೀ ಕಥೆಯಾಗಿ ಕೇಳಿದಾಗ ಒತ್ತುತ್ತೇವೆ ಅಂದವರು 66.